ತರಬೇತಿ ಮುಗಿದ ಮೇಲೆ ಅಳೆಯುವುದು ಏನನ್ನು?

ನರ್ಸ್‌ಗಳ ನಿರಂತರ ಶಿಕ್ಷಣದ ಮೌಲ್ಯಮಾಪನ ಅಂದ ಕೂಡಲೇ ತರಬೇತಿಯನ್ನು ಅಳೆಯಲು ಕರ್ಕ್‌ಪ್ಯಾಟ್ರಿಕ್ ಅನ್ನುವವರು ಹೇಳಿದ 4 ಹಂತ ನೆನಪಾಗುತ್ತದೆ: ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ. 1959ರಲ್ಲಿ ಬಂದ ಮಾದರಿ ಇದು. ಬಾಯಿಪಾಠ ಸುಲಭ. ವಾರ್ಡಿನಲ್ಲಿ ಹೇಗಿರುತ್ತದೆ ಅಂತ ಅರ್ಥವಾಗಲು ನಾನು ನಮ್ಮ ಕೊಡಗಿನ ಕ್ಯಾಜುಯಲ್ಟಿಯ ಒಂದು ಕೆಲಸವನ್ನೇ ಹಿಡಿದುಕೊಂಡೆ.

ತೋಟದ ಲೈನ್‌ಮನೆಯಿಂದ ಹಾವು ಕಚ್ಚಿದವರನ್ನು ಕರೆತರುತ್ತಾರೆ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದಕ್ಕೇ 20 ನಿಮಿಷದ ಪರೀಕ್ಷೆ. ಒಣಗಿದ, ಸ್ವಚ್ಛವಾದ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಬಿಡಬೇಕು. ಆಮೇಲೆ ಒಂದೇ ಸಲ ಓರೆ ಮಾಡಿ, ರಕ್ತ ಹೆಪ್ಪುಗಟ್ಟಿದೆಯೇ ಅಂತ ನೋಡಬೇಕು. ಪ್ಲಾಸ್ಟಿಕ್ ಟ್ಯೂಬ್ ಆಗುವುದಿಲ್ಲ. ಸೋಪಿನ ಪುಡಿಯಲ್ಲಿ ತೊಳೆದ ಗಾಜೂ ಆಗುವುದಿಲ್ಲ, ವಿಷವಿಲ್ಲದಿದ್ದರೂ ರಕ್ತ ಹೆಪ್ಪುಗಟ್ಟದೆ ಉಳಿಯಬಹುದು.

ಈ ತರಬೇತಿ ನಡೆಯಿತು ಅಂದುಕೊಳ್ಳಿ. ಮೊದಲ ಹಂತ ಫೀಡ್‌ಬ್ಯಾಕ್ ಫಾರಂ. ಊಟ ಚೆನ್ನಾಗಿತ್ತು, ಸರ್ ಚೆನ್ನಾಗಿ ಹೇಳಿದರು. ಇಷ್ಟೇ ಸಿಗುತ್ತದೆ. ಎರಡನೇ ಹಂತ ಪ್ರೀ-ಟೆಸ್ಟ್, ಪೋಸ್ಟ್-ಟೆಸ್ಟ್. ಬರೆಸುವುದರ ಜೊತೆಗೆ ಕೈಯಲ್ಲಿ ಮಾಡಿಸಿ ಚೆಕ್‌ಲಿಸ್ಟ್ ಹಾಕಿದರೆ ಒಳ್ಳೆಯದು, ಏಕೆಂದರೆ ‘20 ನಿಮಿಷ’ ಅಂತ ಬರೆದವರೇ 10 ನಿಮಿಷಕ್ಕೆ ಟ್ಯೂಬ್ ಎತ್ತಿ ನೋಡುತ್ತಾರೆ.

ನಿಜವಾದ ಪರೀಕ್ಷೆ ಮೂರನೆಯದು, ನಡವಳಿಕೆ. ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಇದೇ ವಿಷಯದ ತರಬೇತಿಗೆ ಎಲ್ಲರೂ ಪೂರ್ತಿ ಅಂಕ ಪಡೆದಿದ್ದೆವು. ಮೂರು ತಿಂಗಳಾದ ಮೇಲೆ ಒಂದು ನೈಟ್ ಡ್ಯೂಟಿಯಲ್ಲಿ ಡ್ರಾಯರ್ ತೆಗೆದರೆ ಗಾಜಿನ ಟ್ಯೂಬೇ ಇಲ್ಲ! ಇದ್ದದ್ದೆಲ್ಲ ಪ್ಲಾಸ್ಟಿಕ್. ಲ್ಯಾಬಿಗೆ ಓಡಿ ತರಿಸಿದೆವು. ಆ ರಾತ್ರಿ ನನಗೆ ತುಂಬಾ ಬೇಜಾರಾಯಿತು. ಸಿಸ್ಟರ್‌ಗಳಿಗೆ ಗೊತ್ತಿತ್ತು, ಮಾಡುವ ಮನಸ್ಸೂ ಇತ್ತು. ಸಾಮಾನು ಇರಲಿಲ್ಲ, ಅಷ್ಟೇ. ಹಾಗಾಗಿ ನಡವಳಿಕೆ ಬದಲಾಗದಿದ್ದರೆ ‘ಕಲಿತಿಲ್ಲ’ ಅಂತ ಬರೆಯುವ ಮೊದಲು ಸಾಮಾನು, ಸಿಬ್ಬಂದಿ ಸಂಖ್ಯೆ, ಇನ್‌ಚಾರ್ಜ್ ಬೆಂಬಲ ಮೂರನ್ನೂ ನೋಡಿ. ಅಳೆಯುವುದು ಸುಮ್ನೆ ತಪ್ಪು ಹುಡುಕೋದಕ್ಕಲ್ಲ ಅಲ್ವಾ?

ನಾಲ್ಕನೇ ಹಂತದಲ್ಲಿ ರೋಗಿಗೆ ಏನಾಯಿತು ಅನ್ನುವುದು ಮುಖ್ಯ. ರೋಗಿ ಬಂದ ಹೊತ್ತಿಗೂ ವಿಷನಿರೋಧಕ ಔಷಧಿ ಹಾಕಿದ ಹೊತ್ತಿಗೂ ಎಷ್ಟು ನಿಮಿಷ ಅಂತರ ಅಂತ ಕೇಸ್‌ಶೀಟಿನಿಂದ ತೆಗೆಯಬಹುದು. ಆದರೆ ಇಲ್ಲಿ ಜಾಸ್ತಿ ಎಚ್ಚರ ಬೇಕು. ಮಡಿಕೇರಿ ಕಡೆ ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ರೋಗಿ ಬರುವುದೇ ತಡ. ಅಂಥವರು ಗುಣವಾಗದಿದ್ದರೆ ತರಬೇತಿ ಸೋತಿತು ಅನ್ನಲಾಗದು. ಜುಲೈಯನ್ನು ಫೆಬ್ರವರಿ ಜೊತೆ ಹೋಲಿಸಬೇಡಿ, ಹಿಂದಿನ ವರ್ಷದ ಜುಲೈ ಜೊತೆ ಹೋಲಿಸಿ.

ಮಧ್ಯದಲ್ಲೇ ತಿದ್ದಿಕೊಳ್ಳಲು ಮಾಡುವ ಮೌಲ್ಯಮಾಪನ ಬೇರೆ, ಮುಗಿದ ಮೇಲೆ ತೀರ್ಪು ಕೊಡುವುದು ಬೇರೆ. 1967ರಲ್ಲಿ ಮೌಲ್ಯಮಾಪನ ತಜ್ಞ ಮೈಕೇಲ್ ಸ್ಕ್ರೀವನ್ ಇವೆರಡನ್ನೂ ಬೇರೆ ಬೇರೆ ಹೆಸರಿಟ್ಟು ವಿಂಗಡಿಸಿದರು. ನರ್ಸಿಂಗ್ ಓದುವವರ ಪರೀಕ್ಷೆಗೆ ಇದೂ ಬರುತ್ತದೆ.

ಇನ್ನೊಂದು ಮಾತು. ನೋಂದಣಿ ನವೀಕರಣಕ್ಕೆ ಭಾರತೀಯ ನರ್ಸಿಂಗ್ ಪರಿಷತ್ತು 5 ವರ್ಷಕ್ಕೆ 150 ಗಂಟೆಗಳ ನಿರಂತರ ಶಿಕ್ಷಣ ಕೇಳುತ್ತದೆ. ಸರ್ಟಿಫಿಕೇಟಿನಲ್ಲಿ ಗಂಟೆ ಕಾಣುತ್ತದೆ, ಡ್ರಾಯರ್ ಕಾಣುವುದಿಲ್ಲ. ನಿಮ್ಮ ವಾರ್ಡಿನಲ್ಲಿ ಮುಂದಿನ ತರಬೇತಿ ಗೊತ್ತಾದ ದಿನವೇ ಹಳೆಯ 10 ಕೇಸ್‌ಶೀಟ್ ತೆಗೆದು, ಎಷ್ಟರಲ್ಲಿ (ಹಾವು ಕಡಿತದ ತರಬೇತಿಯಾದರೆ) 20 ನಿಮಿಷದ ಪರೀಕ್ಷೆಯ ಸಮಯ ಬರೆದಿದೆ ಅಂತ ಎಣಿಸಿಟ್ಟುಕೊಳ್ಳಿ. ಮೂರು ತಿಂಗಳ ನಂತರ ಮತ್ತೆ 10 ತೆಗೆಯಿರಿ.