ಮೋಡದಿಂದ ಕೆಳಗೆ ಬೀಳುವ ಗಾಳಿ

ಭರಣಿ ಮಳೆ ಹೊತ್ತಿಗೆ ಗೊನೆ ಬಿಟ್ಟ ಬಾಳೆ ತೋಟ ನೆಲ ಕಚ್ಚಿದ ಸುದ್ದಿ ಪ್ರತಿ ವರ್ಷ ಬರುತ್ತದೆ. ಊರಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಸುಂಟರಗಾಳಿ. ಆದರೆ ಮರುದಿನ ತೋಟಕ್ಕೆ ಹೋಗಿ, ಗಿಡಗಳು ಯಾವ ದಿಕ್ಕಿಗೆ ಬಿದ್ದಿವೆ ಅಂತ ನೋಡಿ. ಬಾಚಣಿಗೆಯಲ್ಲಿ ಬಾಚಿದ ಹಾಗೆ ಎಲ್ಲವೂ ಒಂದೇ ಕಡೆ ಮಲಗಿದ್ದರೆ ಅನುಮಾನ ಪಡಬೇಕು. ಸುತ್ತುವ ಗಾಳಿ ಇಷ್ಟು ಅಚ್ಚುಕಟ್ಟಾಗಿ ಮಲಗಿಸಿ ಹೋಗಲ್ಲ. ಇದು ಬಹುಶಃ ಮೋಡದಿಂದ ಕೆಳಗೆ ಬಿದ್ದು, ನೆಲಕ್ಕೆ ಬಡಿದು, ಸುತ್ತಲೂ ಚೆಲ್ಲಿದ ಗಾಳಿ.

ಗಾಳಿ ಬೀಳೋದು ಅಂದರೇನು? ಬೇಸಿಗೆಯಲ್ಲಿ ಮಡಕೆ ನೀರು ತಣ್ಣಗಾಗುತ್ತಲ್ಲ, ಅದೇ ಲೆಕ್ಕ. ಮಳೆ ಹನಿ ಒಣ ಗಾಳಿಯ ಮಧ್ಯೆ ಬೀಳುವಾಗ ಒಂದಷ್ಟು ಆವಿಯಾಗುತ್ತದೆ. ಸುತ್ತಲಿನ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ಆಲಿಕಲ್ಲು ಕರಗಿದರಂತೂ ಇನ್ನೂ ಜಾಸ್ತಿ ತಂಪು. ಆ ಭಾರದ ಗಾಳಿ ಧೊಪ್ಪನೆ ಕೆಳಗಿಳಿಯುತ್ತದೆ. ನೆಲ ತಡೆಯುವುದರಿಂದ ಅಡ್ಡಕ್ಕೆ ಹರಿಯದೆ ಬೇರೆ ದಾರಿಯಿಲ್ಲ. ಗುಡುಗು ಮಳೆಗೆ ಮುಂಚೆ ಮುಖಕ್ಕೆ ಹೊಡೆಯುವ ತಣ್ಣನೆ ಗಾಳಿ ಇದರದೇ ಮೆದು ರೂಪ.

ಸುತ್ತುವ ಗಾಳಿಯೇ ಬೇರೆ, ನೇರ ನುಗ್ಗುವ ಗಾಳಿಯೇ ಬೇರೆ ಎಂದು ಅಮೆರಿಕದ ಅಯೋವಾ ರಾಜ್ಯದ ವಿಜ್ಞಾನಿ ಗುಸ್ಟಾವಸ್ ಹಿನ್ರಿಕ್ಸ್ 1888ರಲ್ಲೇ ಬರೆದಿದ್ದರು. ನೂರಾರು ಕಿಲೋಮೀಟರ್ ಉದ್ದಕ್ಕೆ ನೇರವಾಗಿ ಬಡಿದುಕೊಂಡು ಹೋಗುವ ಗಾಳಿಗೆ, ಸ್ಪ್ಯಾನಿಷ್‌ನಲ್ಲಿ 'ನೇರ' ಎಂಬ ಅರ್ಥವಿರುವ 'ಡೆರೇಚೊ' ಎಂದು ಹೆಸರಿಟ್ಟರು. ಆಮೇಲೆ ಸುಮಾರು ನೂರು ವರ್ಷ ಆ ಪದ ಮೂಲೆಯಲ್ಲಿ ಕೂತಿತ್ತು.

ವಿಷಯಕ್ಕೆ ಮತ್ತೆ ಜೀವ ಬಂದದ್ದು ಷಿಕಾಗೊ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಟೆಟ್ಸುಯಾ ಫುಜಿಟಾ ಅವರಿಂದ. 1974ರ ಏಪ್ರಿಲ್ 3 ಮತ್ತು 4ರಂದು ಅಮೆರಿಕದಲ್ಲಿ ಸುಂಟರಗಾಳಿಗಳ ದೊಡ್ಡ ಸರಣಿಯೇ ಎದ್ದಿತ್ತು. ಹಾನಿ ನೋಡಲು ಚಿಕ್ಕ ವಿಮಾನದಲ್ಲಿ ಹೊರಟ ಫುಜಿಟಾಗೆ ಒಂದು ಕಡೆ ವಿಚಿತ್ರ ಕಂಡಿತು. ಕಾಡಿನ ಮರಗಳು ಗಾಡಿ ಚಕ್ರದ ಅರಗಳ ಹಾಗೆ ನಡುವಿನಿಂದ ಹೊರಕ್ಕೆ ಬಿದ್ದಿದ್ದವು. ಇಂಥದ್ದನ್ನು ಅವರು ಮೊದಲೇ ನೋಡಿದ್ದರು. 1945ರಲ್ಲಿ, ಇನ್ನೂ ಜಪಾನಿನಲ್ಲಿದ್ದಾಗ, ಅಣುಬಾಂಬ್ ಬಿದ್ದ ನಾಗಸಾಕಿಗೆ ಹೋಗಿ ಹಾನಿಯ ಗುರುತುಗಳನ್ನು ಪರಿಶೀಲಿಸಿದ್ದರು. ಮೇಲಿನಿಂದ ಏನೋ ಬಂದು ನೆಲಕ್ಕೆ ಬಡಿದಾಗ ಹೀಗಾಗುತ್ತದೆ ಎಂಬುದು ಅವರ ಕಣ್ಣಿಗೆ ಗೊತ್ತಿತ್ತು.

ಮರುವರ್ಷ ಜೂನ್ 24ರಂದು ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದ ಬೋಯಿಂಗ್ 727 ರನ್‌ವೇಗಿಂತ ಮೊದಲೇ ನೆಲಕ್ಕೆ ಬಿತ್ತು. ಸತ್ತವರು 113 ಜನ. ಅದಕ್ಕಿಂತ ಸ್ವಲ್ಪ ಮುಂಚೆ ಅಲ್ಲೇ ಇಳಿದ ಇನ್ನೊಬ್ಬ ಪೈಲಟ್ ಗಾಳಿ ಸರಿಯಿಲ್ಲ ಅಂತ ಎಚ್ಚರಿಸಿದ್ದರು. ವಿಮಾನದ ದಾಖಲೆಗಳನ್ನು ಜೋಡಿಸಿ ನೋಡಿದ ಫುಜಿಟಾ, ಇದು ಅದೇ ಬೀಳುವ ಗಾಳಿ ಎಂದರು. 'ಡೌನ್‌ಬರ್ಸ್ಟ್' ಎಂದು ಕರೆದರು. ನಾಲ್ಕು ಕಿಲೋಮೀಟರಿಗಿಂತ ಚಿಕ್ಕದಾದರೆ 'ಮೈಕ್ರೋಬರ್ಸ್ಟ್'.

ಇದರಲ್ಲಿ ಸಿಕ್ಕಿಬಿದ್ದ ಪೈಲಟ್‌ನ ಸ್ಥಿತಿ ಯೋಚಿಸಿ. ಮೊದಲು ಎದುರುಗಾಳಿ, ವಿಮಾನ ತಾನಾಗಿಯೇ ಮೇಲೇಳುತ್ತದೆ. ಪೈಲಟ್ ಎಂಜಿನ್ ಶಕ್ತಿ ಕಡಿಮೆ ಮಾಡುತ್ತಾನೆ. ಅಷ್ಟರಲ್ಲಿ ಗಾಳಿ ಮೇಲಿನಿಂದ ಒತ್ತುತ್ತದೆ, ಬೆನ್ನಿಗೇ ಹಿಂದಿನಿಂದ ತಳ್ಳುತ್ತದೆ. ರೆಕ್ಕೆಗೆ ಆಧಾರವೇ ಇಲ್ಲ. ಇಷ್ಟೆಲ್ಲ ಒಂದು ನಿಮಿಷದೊಳಗೆ.

ಪಂಡಿತರು ನಂಬಿದರಾ? ಬಹಳ ಮಂದಿ ಇಲ್ಲ. ಕೆಳಗಿಳಿಯುವ ಗಾಳಿ ನೆಲ ಮುಟ್ಟುವಷ್ಟರಲ್ಲಿ ಸುಸ್ತಾಗುತ್ತದೆ ಎಂಬುದು ಆಗಿನ ಪಾಠ. ಸರಿ, 1978ರಲ್ಲಿ ಷಿಕಾಗೊ ಸುತ್ತ ಗಾಳಿಯ ವೇಗವನ್ನೂ ಅಳೆಯುವ ಡಾಪ್ಲರ್ ರೇಡಾರ್‌ಗಳನ್ನಿಟ್ಟು ಕಾಯ್ದರು. ಒಂದೂವರೆ ತಿಂಗಳೊಳಗೆ ಸುಮಾರು 50 ಮೈಕ್ರೋಬರ್ಸ್ಟ್ ಸಿಕ್ಕವು. 1982ರಲ್ಲಿ ಡೆನ್ವರ್ ಬಳಿ ನೂರಕ್ಕೂ ಹೆಚ್ಚು. ವಾದ ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಅದೇ 1982ರ ಜುಲೈನಲ್ಲಿ ನ್ಯೂ ಆರ್ಲಿಯನ್ಸ್ ಹತ್ತಿರ ಇಂಥದ್ದೇ ಗಾಳಿಗೆ ಸಿಕ್ಕ ವಿಮಾನ ಬಿದ್ದು 153 ಜನ ಸತ್ತರು. 1985ರ ಆಗಸ್ಟ್‌ನಲ್ಲಿ ಡಲ್ಲಾಸ್‌ನಲ್ಲಿ 137. ವಿಮಾನಗಳಲ್ಲಿ ಎಚ್ಚರಿಕೆ ಉಪಕರಣ ಇರಲೇಬೇಕು ಎಂಬ ನಿಯಮ ಬಂದದ್ದು 1988ರಲ್ಲಿ. ವಿಜ್ಞಾನ ಗೊತ್ತಾದ ದಿನಕ್ಕೂ ಅದು ಕಡ್ಡಾಯವಾದ ದಿನಕ್ಕೂ ನಡುವೆ ಎಷ್ಟು ಹೆಣ ಅಂತ ಲೆಕ್ಕ ಹಾಕಿದರೆ ಸಂಕಟವಾಗುತ್ತದೆ. ಆಮೇಲೆ ಇದಕ್ಕೆಂದೇ ಮಾಡಿದ ರೇಡಾರ್‌ಗಳು ಅಮೆರಿಕದ ದೊಡ್ಡ ನಿಲ್ದಾಣಗಳಿಗೆ ಬಂದವು. 1994ರಲ್ಲಿ ಷಾರ್ಲಟ್‌ನಲ್ಲಿ 37 ಜನರನ್ನು ಬಲಿ ಪಡೆದದ್ದೇ ಅಲ್ಲಿ ಮೈಕ್ರೋಬರ್ಸ್ಟ್‌ನಿಂದ ಬಿದ್ದ ಕೊನೆಯ ದೊಡ್ಡ ಪ್ರಯಾಣಿಕ ವಿಮಾನ.

ರನ್‌ವೇಗೆ ಕಾವಲು ಸಿಕ್ಕಿತು. ಹೊಲಕ್ಕೆ? 2020ರ ಆಗಸ್ಟ್ 10ರಂದು ಹಿನ್ರಿಕ್ಸ್ ಅವರ ಅದೇ ಅಯೋವಾದಲ್ಲಿ ಡೆರೇಚೊ ಬೀಸಿತು. ಹಾನಿ ನೋಡಿ ಅಂದಾಜಿಸಿದ ಅತಿ ಹೆಚ್ಚಿನ ವೇಗ ಗಂಟೆಗೆ 225 ಕಿ.ಮೀ. ಆಳೆತ್ತರದ ಮೆಕ್ಕೆಜೋಳ ಮೈಲಿಗಟ್ಟಲೆ ಚಾಪೆ ಹಾಸಿದಂತೆ ಮಲಗಿತು. ಇದು ಇಷ್ಟು ಜೋರಾಗಿರುತ್ತದೆ ಅಂತ ಹಿಂದಿನ ದಿನದ ಮುನ್ಸೂಚನೆಯಲ್ಲಿ ಕಂಡಿರಲಿಲ್ಲ. ಅಷ್ಟೆಲ್ಲ ಉಪಕರಣ ಇರುವ ದೇಶದ ಕಥೆ ಇದು.

ನಮ್ಮಲ್ಲಿ ಬಂಗಾಳದ ಕಾಲಬೈಸಾಖಿಯನ್ನು, ಅಂದರೆ ಬೇಸಿಗೆಯ ಗುಡುಗು ಬಿರುಗಾಳಿಯನ್ನು, ಬ್ರಿಟಿಷರ ಕಾಲದಿಂದಲೂ ಗಮನಿಸಿದ್ದಾರೆ. 2005ರಲ್ಲಿ 'ಸ್ಟಾರ್ಮ್' ಎಂಬ ಹೆಸರಿನ ಅಧ್ಯಯನ ಅಲ್ಲಿಂದಲೇ ಶುರುವಾಯಿತು. 2018ರ ಮೇ 2ರ ರಾತ್ರಿ ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ದೂಳುಗಾಳಿಗೆ ನೂರಕ್ಕೂ ಹೆಚ್ಚು ಜನ ಸತ್ತರು. ಈಗ ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಯ ಮುನ್ಸೂಚನೆಯನ್ನು ಜಿಲ್ಲಾವಾರು ಕೊಡುತ್ತದೆ. ಹಳದಿ, ಕಿತ್ತಳೆ, ಕೆಂಪು ಬಣ್ಣ ಫೋನಿಗೇ ಬರುತ್ತದೆ. ಇದು ಸಣ್ಣ ಕೆಲಸವಲ್ಲ.

ತೊಡಕಿರುವುದು ಅಳತೆಯಲ್ಲಿ. ಒಂದು ಮೈಕ್ರೋಬರ್ಸ್ಟ್‌ನ ಅಗಲ ಒಂದೆರಡು ಊರಿನಷ್ಟು, ಆಯುಸ್ಸು ಕೆಲವೇ ನಿಮಿಷ. ನಡು ಎತ್ತರದಲ್ಲಿ ಒಣ ಗಾಳಿ ಇದ್ದರೆ 'ಇವತ್ತು ಆಗಬಹುದು' ಅಂತ ಬೆಳಿಗ್ಗೆಯೇ ಹೇಳಬಹುದು. ಯಾವ ಊರು ಅಂತ ಹೇಳಲು ರೇಡಾರ್ ಹತ್ತಿರವೇ ಇರಬೇಕು. ಭೂಮಿ ಗುಂಡಗಿದೆ, ರೇಡಾರ್ ಕಿರಣವನ್ನೂ ಸ್ವಲ್ಪ ಮೇಲಕ್ಕೆ ಹಾಯಿಸುತ್ತಾರೆ. ಹಾಗಾಗಿ 100 ಕಿ.ಮೀ. ದೂರದ ಹೊತ್ತಿಗೆ ಅದು ನೆಲದಿಂದ ಒಂದೂವರೆ ಕಿ.ಮೀ. ಎತ್ತರದಲ್ಲಿರುತ್ತದೆ. ಗಿಡ ಕೆಡವುವ ಗಾಳಿ ಅದರ ಕೆಳಗೇ ನುಸುಳಿ ಹೋಗುತ್ತದೆ. ಮೋಡದ ಹೊಟ್ಟೆಯಲ್ಲಿ ಮಳೆ ಗಡ್ಡೆ ಸರಸರ ಕೆಳಗಿಳಿಯುವುದನ್ನು ಹತ್ತಿರದ ರೇಡಾರ್ ಹಿಡಿದರೂ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ಅಷ್ಟರಲ್ಲಿ ಎರಡು ಎಕರೆ ಬಾಳೆಗೆ ಊರುಗೋಲು ಕೊಡಲಾಗದು. ತಗಡಿನ ಕೊಟ್ಟಿಗೆಯಿಂದ ದನ ಬಿಚ್ಚಿ, ತೆಂಗಿನ ಮರದ ಬುಡದಿಂದ ಮಕ್ಕಳನ್ನು ಒಳಗೆ ಕರೆಯಬಹುದು.