ಮೂರನೇ ದಿನದ ಜ್ವರ

ಮಳೆಗಾಲ ಹಿಡಿದರೆ ಕೊಡಗಿನ ಯಾವ ಊರಿನ ಕ್ಲಿನಿಕ್ಕಿನಲ್ಲೂ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: 'ಮೂರು ದಿನದಿಂದ ಜ್ವರ ಡಾಕ್ಟ್ರೇ, ಮೈಕೈ ನೋವು.' ಡೆಂಗಿ ಶುರುವಾಗುವುದೂ ಹೀಗೇ, ಇಲಿಜ್ವರವೂ ಹೀಗೇ, ತಾನಾಗಿ ಬಿಟ್ಟುಹೋಗುವ ಮಾಮೂಲಿ ವೈರಲ್ ಜ್ವರವೂ ಹೀಗೇ. ಒಬ್ಬ ಡಾಕ್ಟರು ಮಾತ್ರೆ ಕೊಟ್ಟು ಎರಡು ದಿನ ಬಿಟ್ಟು ಬನ್ನಿ ಎನ್ನುತ್ತಾರೆ, ಇನ್ನೊಬ್ಬರು ಐದಾರು ಟೆಸ್ಟ್ ಬರೆಯುತ್ತಾರೆ, ಮತ್ತೊಬ್ಬರು ಮೈಸೂರಿಗೆ ಚೀಟಿ ಕೊಡುತ್ತಾರೆ. ಯಾರು ಸರಿ ಎಂಬ ತಕರಾರು ನಿನ್ನೆ ಮೊನ್ನೆಯದಲ್ಲ.

ಒಂದು ಕಾಲಕ್ಕೆ ಇಲ್ಲಿ ಜ್ವರ ಎಂದರೆ ಮಲೇರಿಯಾ, ಮದ್ದು ಎಂದರೆ ಕ್ವಿನೈನ್. ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ಯೋಜಿಸಲು ಸರ್ಕಾರ ನೇಮಿಸಿದ್ದ ಭೋರ್ ಸಮಿತಿ 1946ರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನಕ್ಷೆ ಹಾಕಿತು, 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಕಾರ್ಮಿಕರ ಚಿಕಿತ್ಸೆಯ ಹೊಣೆಯನ್ನು ತೋಟದ ಮಾಲೀಕರಿಗೆ ವಹಿಸಿತು, ಸೊಳ್ಳೆ ಕೊಲ್ಲುವ ಡಿಡಿಟಿ ಬಂದು ಮಲೇರಿಯಾ ತಗ್ಗಿತು, 2016ರಲ್ಲಿ ಮಡಿಕೇರಿಗೆ ಮೆಡಿಕಲ್ ಕಾಲೇಜೂ ಬಂತು. ಕಟ್ಟಡಗಳು ಎದ್ದವು. ಒಂದಿದ್ದ ಜ್ವರ ಮಾತ್ರ ಹತ್ತಾಯಿತು.

ಸಾಮಾನ್ಯ ವೈದ್ಯರ ಕೋಣೆಯೂ ಸಂಶೋಧನೆಯ ಜಾಗ ಎಂದು ತೋರಿಸಿದವರಲ್ಲಿ ಒಬ್ಬರು ಇಂಗ್ಲೆಂಡಿನ ಯಾರ್ಕ್‌ಷೈರ್ ಕಣಿವೆಯ ಹಳ್ಳಿ ಡಾಕ್ಟರು ವಿಲಿಯಂ ಪಿಕಲ್ಸ್. 1929ರಲ್ಲಿ ಅಲ್ಲಿ ಕಾಮಾಲೆ ಹಬ್ಬಿದಾಗ ಯಾರು ಯಾರನ್ನು ಯಾವ ದಿನ ಭೇಟಿಯಾದರು ಎಂದು ಬರೆದಿಟ್ಟುಕೊಂಡು ಸೋಂಕಿನ ಜಾಡು ಹಿಡಿದರು. ಯಾರ ಮನೆಯ ಮದುವೆಗೆ ಯಾರು ಹೋಗಿದ್ದರೆಂದು ಊರಿಗೇ ಗೊತ್ತಿರುವ ಕೊಡಗಿನಂಥ ಜಾಗಕ್ಕೆ ಹೇಳಿ ಮಾಡಿಸಿದ ವಿಧಾನ ಇದು. 1961ರಲ್ಲಿ ಅಮೆರಿಕದ ಕೆರ್ ವೈಟ್ ಮತ್ತು ಸಂಗಡಿಗರು ಇನ್ನೊಂದು ಲೆಕ್ಕ ಕೊಟ್ಟರು: 1000 ವಯಸ್ಕರಲ್ಲಿ ತಿಂಗಳೊಂದಕ್ಕೆ 750 ಮಂದಿಗೆ ಏನಾದರೊಂದು ಕಾಯಿಲೆ, ವೈದ್ಯರ ಬಳಿ ಹೋಗುವವರು 250, ಆಸ್ಪತ್ರೆ ಸೇರುವವರು 9, ವಿಶ್ವವಿದ್ಯಾಲಯದ ಆಸ್ಪತ್ರೆ ತಲುಪುವವರು ಒಬ್ಬರು. ವೈದ್ಯ ವಿದ್ಯಾರ್ಥಿ ಹೆಚ್ಚಾಗಿ ಕಲಿಯುವುದು ಆ ಒಬ್ಬರ ಮಂಚದ ಪಕ್ಕದಲ್ಲಿ ನಿಂತು. ಕೆಲಸಕ್ಕೆ ಕೂತಾಗ ಎದುರಾಗುವುದು ಉಳಿದ 249.

ಟೆಸ್ಟ್ ಮಾಡಿಸಿದರೆ ಮುಗಿಯಿತಲ್ಲ ಎನ್ನಬಹುದು. ಆದರೆ ಇಲಿಜ್ವರದ ಪ್ರತಿಕಾಯ ಪರೀಕ್ಷೆ ಮೂರನೇ ದಿನ ನೆಗೆಟಿವ್ ಬಂದರೆ ಅದಕ್ಕೆ ಬೆಲೆಯಿಲ್ಲ. ರೋಗಾಣುವಿನ ವಿರುದ್ಧ ಮೈ ತಯಾರಿಸುವ ಈ ಪ್ರತಿಕಾಯ ರಕ್ತದಲ್ಲಿ ಕಾಣಿಸಿಕೊಳ್ಳಲು ಐದಾರು ದಿನ ಬೇಕು. ಒಂದೇ ಸಲದ ವಿಡಾಲ್ ರಕ್ತಪರೀಕ್ಷೆ ನೋಡಿ ಟೈಫಾಯ್ಡ್ ಎಂದು ತೀರ್ಮಾನಿಸುವುದೂ ಅಷ್ಟೇ ಅಪಾಯ, ಆದರೂ ಆ ವರದಿ ಹಿಡಿದು ಬರುವವರಿಗೆ ಬರವಿಲ್ಲ. ಅದೇ 'ಕಾಲಿಗೆ ಗಾಯವಿತ್ತಾ, ಗದ್ದೆಗೆ ಇಳಿದಿದ್ರಾ?' ಎಂಬ ಪ್ರಶ್ನೆಗೆ ಖರ್ಚೇ ಇಲ್ಲ; ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಮೈ ಹೊಗುವುದು ಗಾಯದ ಮೂಲಕವೇ ಹೆಚ್ಚು. ಪೊದೆಯ ಸಣ್ಣ ಹುಳದಿಂದ ಬರುವ ಸ್ಕ್ರಬ್ ಟೈಫಸ್ ಜ್ವರದಲ್ಲಿ ಅದು ಕಚ್ಚಿದ ಕಪ್ಪು ಹಕ್ಕಳೆ ಕಂಕುಳಲ್ಲೋ ತೊಡೆಸಂದಿಯಲ್ಲೋ ಅಡಗಿರುತ್ತದೆ, ಹುಡುಕಿದವರಿಗಷ್ಟೇ ಕಾಣುತ್ತದೆ. ಹುಡುಕಲು ಸಮಯ ಬೇಕು. 67 ದೇಶಗಳ ಮಾಹಿತಿ ಕಲೆಹಾಕಿದ 2017ರ ಅಧ್ಯಯನದ ಪ್ರಕಾರ ವೈದ್ಯರು ಒಬ್ಬ ರೋಗಿಗೆ ಕೊಡುವ ಹೊತ್ತು ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮದು ಯಾವ ತುದಿಗೆ ಹತ್ತಿರ ಎಂದು ಟೋಕನ್ ಹಿಡಿದು ಕಾದವರಿಗೆ ಹೇಳಬೇಕಿಲ್ಲ.

ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವನು 'ಬುಖಾರ್' ಎಂದರೆ ಅಷ್ಟು ಅರ್ಥವಾಗುತ್ತದೆ; ಗದ್ದೆಯ ಪ್ರಶ್ನೆ ಕೇಳಲು ಭಾಷೆ ಸಾಲದು. ತೋಟದ ಕೂಲಿಯವರ ಲೈನ್‌ಮನೆಯ ಹೆಂಗಸಿಗೆ 'ಎರಡು ದಿನ ಬಿಟ್ಟು ಬನ್ನಿ' ಎಂದರೆ ಮತ್ತೊಂದು ದಿನದ ಕೂಲಿ ಹೋಯಿತು, ಮೇಲೆ ಬಸ್ಸಿನ ದುಡ್ಡು. ಹಾಗಾಗಿ ಇವತ್ತೇ ಇಂಜೆಕ್ಷನ್ ಹಾಕಿ ಎನ್ನುತ್ತಾಳೆ, ಹಾಕಿಸಿಕೊಂಡು ಹೋಗುತ್ತಾಳೆ. ತಿರುಗಿ ಬಾರದಿದ್ದರೆ ಜ್ವರ ಬಿಟ್ಟಿತೋ, ಬೇರೆ ಡಾಕ್ಟರ ಬಳಿ ಹೋದಳೋ, ಮೈಸೂರಿನ ಆಂಬುಲೆನ್ಸ್ ಹತ್ತಿದಳೋ, ಮೊದಲು ನೋಡಿದ ಡಾಕ್ಟರಿಗೆ ತಿಳಿಯುವುದಿಲ್ಲ.