ಗ್ರೈಂಡರ್ ಸರಿಯಾಗಿ ತಿರುಗುತ್ತಿದೆ, ಮತ್ತೆ ಪರೀಕ್ಷೆ ಯಾಕೆ?

ಪ್ರಶ್ನೆ: ಕುಂಬಳೆ ಹತ್ತಿರ ನಮ್ಮದೊಂದು ಸಣ್ಣ ಹೋಟೆಲ್. ಗ್ರೈಂಡರ್, ಮಿಕ್ಸಿ, ನೀರು ಕಾಯಿಸುವ ಕೆಟಲ್, ಎರಡು ಎಕ್ಸ್‌ಟೆನ್ಶನ್ ಬೋರ್ಡ್, ಕೌಂಟರಿನಲ್ಲಿ ಕಂಪ್ಯೂಟರ್ ಇವೆ. ಯಾವುದಕ್ಕೂ ತೊಂದರೆಯಿಲ್ಲ, ಕರೆಂಟ್ ಸೋರಿದರೆ ತಾನೇ ಕಡಿಯುವ ಇಎಲ್‌ಸಿಬಿಯೂ ಇದೆ. ಹೀಗಿದ್ದರೂ ಒಂದೊಂದನ್ನೂ ಪರೀಕ್ಷೆ ಮಾಡಿಸಬೇಕೇ?

ಉತ್ತರ: ಮಾಡಿಸಲೇಬೇಕು. ಗ್ರೈಂಡರಿನ ಕೇಬಲ್ಲಿನಲ್ಲಿ ಮೂರು ತಂತಿಗಳಿವೆ. ಕಂದು ಬಣ್ಣದ್ದೋ (ಲೈನ್) ನೀಲಿಯದ್ದೋ (ನ್ಯೂಟ್ರಲ್) ತುಂಡಾದರೆ ಗ್ರೈಂಡರ್ ನಿಲ್ಲುತ್ತದೆ, ನೀವು ಆಗಲೇ ರಿಪೇರಿಯವರನ್ನು ಕರೆಯುತ್ತೀರಿ. ಯಂತ್ರದ ಲೋಹವನ್ನು ನೆಲಕ್ಕೆ ಸೇರಿಸುವ ಹಸಿರು-ಹಳದಿಯ ಅರ್ತ್ ತಂತಿ ತುಂಡಾದರೆ ಏನೂ ಆಗುವುದಿಲ್ಲ, ಯಂತ್ರ ಮೊದಲಿನಂತೆಯೇ ತಿರುಗುತ್ತದೆ. ಮುಂದೆ ಯಾವತ್ತೋ ಹಿಟ್ಟಿನ ನೀರು ಮೋಟಾರಿಗೆ ಇಳಿದು ಕರೆಂಟ್ ಡ್ರಮ್ಮಿಗೆ ತಗಲಿದಾಗ, ಹೊರಮೈ ಪೂರ್ತಿ 230 ವೋಲ್ಟ್ ಹೊತ್ತು ನಿಂತಿರುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರ ಮೈಯ ತಡೆ ಸುಮಾರು 1000 ಓಮ್ ಎಂದಿಟ್ಟುಕೊಂಡರೂ 230 ಮಿಲಿಆಂಪಿಯರ್ ಹರಿಯುತ್ತದೆ. ಹೃದಯದ ಬಡಿತ ಕೆಡಲು ಅದು ಧಾರಾಳ ಸಾಕು. ಕರೆಂಟ್ ಮಿತಿಮೀರಿದಾಗ ಕಡಿಯುವ 16 ಆಂಪಿಯರಿನ ಎಂಸಿಬಿ ಸ್ವಿಚ್ಚಿಗೆ ಅಷ್ಟು ಕರೆಂಟ್ ಲೆಕ್ಕಕ್ಕೇ ಇಲ್ಲ, ಅದು ಬೀಳುವುದಿಲ್ಲ.

30 ಮಿಲಿಆಂಪಿಯರಿನ ಇಎಲ್‌ಸಿಬಿ ಇದ್ದರೆ ಅದು ಬೀಳಬೇಕು. ಆದರೆ ಅರ್ತ್ ಇಲ್ಲದ ಯಂತ್ರದಲ್ಲಿ ಅದು ಬೀಳುವುದು ಕರೆಂಟ್ ಮನುಷ್ಯನ ಮೈಯಲ್ಲಿ ಹರಿಯತೊಡಗಿದ ಮೇಲೆ. ಅರ್ತ್ ಸರಿಯಿದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಇನ್ನೊಂದು ಮಾತು: ಇಎಲ್‌ಸಿಬಿಯ 'ಟಿ' ಗುಂಡಿ ಒತ್ತಿದಾಗ ಬಿದ್ದರೆ ಅದರ ಒಳಗಿನ ಯಂತ್ರ ಸರಿಯಿದೆ ಎಂದಷ್ಟೇ ಅರ್ಥ. ಅರ್ತೇ ಇಲ್ಲದ ಕಟ್ಟಡದಲ್ಲೂ ಆ ಗುಂಡಿ ಕೆಲಸ ಮಾಡುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ, ಅದನ್ನು ಅರ್ತ್ ಪರೀಕ್ಷೆ ಎಂದುಕೊಳ್ಳಬೇಡಿ.

ಪರೀಕ್ಷೆ ಕಣ್ಣಿನಿಂದ ಶುರುವಾಗಬೇಕು, ಹೆಚ್ಚಿನ ದೋಷಗಳು ಸಿಗುವುದು ಅಲ್ಲಿಯೇ. ಪ್ಲಗ್ ಕಿತ್ತು, ಅದರ ಮುಚ್ಚಳದ ಸ್ಕ್ರೂ ಬಿಚ್ಚಿ. ಕೇಬಲ್ಲಿನ ಹೊರಗಿನ ಸಿಪ್ಪೆ ಕ್ಲಾಂಪಿನ ಒಳಗೆ ಬಿಗಿಯಾಗಿ ಕೂತಿರಬೇಕು. ಎಷ್ಟೋ ಕಡೆ ಕ್ಲಾಂಪಿನ ಸ್ಕ್ರೂ ಇರುವುದೇ ಇಲ್ಲ, ಎಳೆದ ಭಾರವೆಲ್ಲ ತಾಮ್ರದ ಎಳೆಗಳ ಮೇಲೆ ಬೀಳುತ್ತದೆ. ಹಸಿರು ತಂತಿಯನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಟ್ಟು ಕಟ್ಟಿರಬೇಕು. ಯಾರಾದರೂ ಜಗ್ಗಿದರೆ ಅದು ಕೊನೆಗೆ ಕಳಚಬೇಕು. ಕಡಲ ಹತ್ತಿರದ ನಮ್ಮ ಹವೆಗೆ ತಾಮ್ರದ ತುದಿಗೆ ಹಸಿರು ಕಿಲುಬು ಹಿಡಿಯುತ್ತದೆ. ಅಂಥ ತುದಿಯನ್ನು ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ಸುಲಿದು ಮತ್ತೆ ಕಟ್ಟಿ. ಪಿನ್ನಿನ ಬುಡ ಕಂದಿದ್ದರೆ ಸ್ಕ್ರೂ ಸಡಿಲವಾಗಿ ಬಿಸಿಯಾಗಿದೆ ಎಂದು ತಿಳಿಯಿರಿ, ಆ ಪ್ಲಗ್ ಬದಲಿಸಿ. ಟೇಪು ಸುತ್ತಿದ ಜೋಡಣೆ ಅಡುಗೆಮನೆಯಲ್ಲಿ ಒಂದೂ ಇರಕೂಡದು. ಮೂರು ಪಿನ್ನಿನ ಯಂತ್ರಕ್ಕೆ ಎರಡು ಪಿನ್ನಿನ ಪ್ಲಗ್ ಹಾಕಿದ್ದರೆ ಮುಂದಿನ ಪರೀಕ್ಷೆಯ ಅಗತ್ಯವೇ ಇಲ್ಲ, ಅದು ಫೇಲ್.

ಆಮೇಲೆ ಅರ್ತಿನ ಪರೀಕ್ಷೆ. ಮಲ್ಟಿಮೀಟರನ್ನು 200 ಓಮ್‌ಗೆ ತಿರುಗಿಸಿ ಅದರ ವಯರುಗಳ ತುದಿಯ ಎರಡು ಮುಳ್ಳುಗಳನ್ನೂ ಒಂದಕ್ಕೊಂದು ತಾಗಿಸಿ. 0.2, 0.3 ಹೀಗೆ ಬರುವ ಸಂಖ್ಯೆ ಮೀಟರಿನ ವಯರಿನದ್ದು, ಅದನ್ನು ಕಳೆಯಬೇಕು. ಈಗ ಒಂದು ಮುಳ್ಳು ದಪ್ಪ, ಉದ್ದದ ಅರ್ತ್ ಪಿನ್ನಿಗೆ, ಇನ್ನೊಂದು ಯಂತ್ರದ ಪೇಂಟಿಲ್ಲದ ಲೋಹಕ್ಕೆ, ಒಂದು ಸ್ಕ್ರೂ ತಲೆಯಾದರೂ ಸರಿ. ಎರಡು ಮೀಟರ್ ಉದ್ದದ 0.75 ಚದರ ಮಿ.ಮೀ. ತಂತಿಯ ತಡೆ 0.05 ಓಮ್ ಆಸುಪಾಸು. ಬ್ರಿಟನ್ನಿನಲ್ಲಿ ಇಂಥ ಪರೀಕ್ಷೆಗೆ ಬಳಸುವ ಮಿತಿ ತಂತಿಯ ತಡೆಗೆ 0.1 ಓಮ್ ಕೂಡಿಸಿದಷ್ಟು, ಅಂದರೆ ಇಲ್ಲಿ ಸುಮಾರು 0.15 ಓಮ್. ಮೀಟರಿನ ಓದು (ತೋರಿಸುವ ಸಂಖ್ಯೆ) ನೋಡುತ್ತಲೇ ಪ್ಲಗ್ಗಿನ ಕುತ್ತಿಗೆಯಲ್ಲೂ ಯಂತ್ರದ ಬಾಯಿಯಲ್ಲೂ ಕೇಬಲನ್ನು ಬಗ್ಗಿಸಿ, ಸಂಖ್ಯೆ ಜಿಗಿದರೆ ಒಳಗೆ ತುಂಡಾಗಿದೆ. ಮಲ್ಟಿಮೀಟರಿಗೂ ಒಂದು ಮಿತಿಯಿದೆ. ಆ ತಂತಿಯಲ್ಲಿ 24 ಎಳೆಗಳಿದ್ದು ಒಂದೇ ಉಳಿದಿದ್ದರೂ ಅದು ಹೆಚ್ಚುಕಮ್ಮಿ ಸರಿ ಎಂದೇ ತೋರಿಸಬಹುದು. ಇದಕ್ಕೆಂದೇ ಇರುವ ಟೆಸ್ಟರ್ ಹೆಚ್ಚು ಕರೆಂಟ್ ಹಾಯಿಸುವುದರಿಂದ ಅಂಥದ್ದನ್ನೂ ಹಿಡಿಯುತ್ತದೆ.

ಇನ್ಸುಲೇಶನ್ನಿನ, ಅಂದರೆ ಕರೆಂಟ್ ಲೋಹಕ್ಕೆ ಸೋರದಂತೆ ತಡೆಯುವ ಹೊದಿಕೆಯ, ಪರೀಕ್ಷೆಗೆ ಹೆಚ್ಚು ವೋಲ್ಟ್ ಕೊಟ್ಟು ತಡೆ ಅಳೆಯುವ ಮೆಗ್ಗರ್ ಬೇಕು, ಕೆಲವೇ ವೋಲ್ಟಿನ ಮಲ್ಟಿಮೀಟರ್ ಬ್ಯಾಟರಿ ಇಲ್ಲಿ ನಡೆಯದು. ಈ ಕೆಲಸವನ್ನು ಪರ್ಮಿಟ್ ಇರುವ ವಯರ್‌ಮನ್ ಕೈಯಲ್ಲಿ ಮಾಡಿಸಿ, ಹತ್ತಿರ ನಿಂತು ಎರಡು ವಿಷಯ ಗಮನಿಸಿ. ಪ್ಲಗ್ಗಿನ ಲೈನ್ ಮತ್ತು ನ್ಯೂಟ್ರಲ್ ಪಿನ್ನುಗಳನ್ನು ಒಟ್ಟು ಸೇರಿಸಿ ಅರ್ತ್ ಪಿನ್ನಿನೆದುರು 500 ವೋಲ್ಟ್ ಡಿಸಿ ಕೊಡಬೇಕು. ಯಂತ್ರದ ಸ್ವಿಚ್ ಆನ್ ಇರಬೇಕು. ಆಫ್ ಇದ್ದರೆ ಪರೀಕ್ಷೆಯಾಗುವುದು ಕೇಬಲ್ ಮಾತ್ರ, ಮೋಟಾರ್ ಅಲ್ಲ. ಈ ತಪ್ಪು ಬಹಳ ಸಾಮಾನ್ಯ. ಅರ್ತ್ ಇರುವ ಯಂತ್ರಕ್ಕೆ ಕನಿಷ್ಠ 1 ಮೆಗಾಓಮ್ ಬರಬೇಕು. ಚೌಕದೊಳಗೆ ಚೌಕದ ಗುರುತಿರುವ ಯಂತ್ರಕ್ಕೆ ಎರಡು ಪದರದ ಇನ್ಸುಲೇಶನ್ ಇರುತ್ತದೆ, ಅದಕ್ಕೆ ಅರ್ತ್ ಬೇಡ. ಅಲ್ಲಿ ಹೊರಗಿನ ಲೋಹದೆದುರು 2 ಮೆಗಾಓಮ್ ನಿರೀಕ್ಷಿಸಿ. ಆಟಿಯ ಮಳೆಯಲ್ಲಿ ಗ್ರೈಂಡರಿನ ಓದು ಇಳಿದರೆ ಎರಡು ದಿನ ಒಣ ಜಾಗದಲ್ಲಿಟ್ಟು ಮತ್ತೆ ನೋಡಿ. ಏರಿದರೆ ಕಾರಣ ತೇವ, ಆದರೆ ನೀರು ಎಲ್ಲಿಂದ ಇಳಿಯಿತೆಂದು ಹುಡುಕಲೇಬೇಕು. ಏರದಿದ್ದರೆ ಮೋಟಾರಿನ ತಂತಿ ಸುರುಳಿ (ವೈಂಡಿಂಗ್) ಹಾಳಾಗಿದೆ. ಕಂಪ್ಯೂಟರಿಗೆ 500 ವೋಲ್ಟ್ ಬೇಡ, 250 ಸಾಕು. ಅದರ ಕ್ಯಾಬಿನೆಟ್ ಮುಟ್ಟಿದಾಗ ಜುಂ ಎಂದರೆ ಹೆಚ್ಚಾಗಿ ಕಾರಣ ಅರ್ತ್ ಸಿಗದಿರುವುದು.

ಯಂತ್ರ ಪಾಸಾದರೂ ಗೋಡೆಯ ಸಾಕೆಟ್ಟಿನಲ್ಲಿ ಅರ್ತ್ ಇರಬೇಕಲ್ಲ! ನಮ್ಮ ಮುರಕಲ್ಲಿನ ನೆಲ ಏಪ್ರಿಲ್, ಮೇ ಹೊತ್ತಿಗೆ ಒಣಗಿ, ಕಟ್ಟಡದ ಅರ್ತ್ ಹೂಳಿದ ಹೊಂಡದ ತಡೆ ಏರುತ್ತದೆ. ಮಳೆಗಾಲದಲ್ಲಿ ಅಳೆದ ಸಂಖ್ಯೆಯನ್ನು ನಂಬಬೇಡಿ, ಬೇಸಿಗೆಯಲ್ಲೇ ಅಳೆಸಿ.

ಎಷ್ಟು ಸಮಯಕ್ಕೊಮ್ಮೆ? ಬ್ರಿಟನ್ನಿನಲ್ಲೂ ಇಷ್ಟೇ ತಿಂಗಳೆಂದು ಕಾನೂನು ಹೇಳುವುದಿಲ್ಲ, ಬಳಕೆ ಮತ್ತು ಅಪಾಯ ನೋಡಿ ತೀರ್ಮಾನಿಸಬೇಕು. ನಮ್ಮ ಸಲಹೆ: ಗ್ರೈಂಡರ್, ಮಿಕ್ಸಿ, ಕೆಟಲ್, ಎಕ್ಸ್‌ಟೆನ್ಶನ್ ಬೋರ್ಡ್‌ಗಳನ್ನು ವಾರಕ್ಕೊಮ್ಮೆ ಹೊರಗಿನಿಂದ ಕಣ್ಣಿನಲ್ಲಿ ನೋಡಿ, ಪೂರ್ತಿ ಪರೀಕ್ಷೆಯನ್ನು ಮೇ ಕೊನೆಗೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಮಾಡಿಸಿ. ಕೌಂಟರಿನ ಕಂಪ್ಯೂಟರಿಗೆ ಎರಡು ವರ್ಷಕ್ಕೊಮ್ಮೆ ಸಾಕು. ಪ್ರತಿ ಯಂತ್ರಕ್ಕೂ ನಂಬರ್ ಬರೆದು, ತಾರೀಕು ಮತ್ತು ಓದುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. 'ಸರಿಯಿದೆ' ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. 20 ಮೆಗಾಓಮ್ ಇದ್ದದ್ದು ಮುಂದಿನ ಸಲ 3ಕ್ಕೆ ಇಳಿದರೆ ಇನ್ನೂ ಪಾಸೇ, ಆದರೆ ಮೋಟಾರ್ ಬಿಚ್ಚಿಸಿ ನೋಡುವ ಹೊತ್ತು ಬಂದಿದೆ.

ಫೇಲಾದ ಯಂತ್ರಕ್ಕೆ ಚೀಟಿ ಅಂಟಿಸಿ ಮೂಲೆಯಲ್ಲಿಟ್ಟರೆ ಸಾಲದು. ಬೆಳಗ್ಗಿನ ಗಡಿಬಿಡಿಯಲ್ಲಿ ಚೀಟಿ ಓದದೆ ಯಾರಾದರೂ ಅದನ್ನೇ ಚುಚ್ಚುತ್ತಾರೆ. ಪ್ಲಗ್ ಬಿಚ್ಚಿ ತೆಗೆದು ಕೌಂಟರಿನ ಡ್ರಾಯರಿನಲ್ಲಿಡಿ, ರಿಪೇರಿಯಾಗಿ ಮತ್ತೆ ಪಾಸಾದ ದಿನವೇ ಕಟ್ಟಿ.